ಒಂದು ಸೋಲಿಗೆ ಮುಗಿಯುವ ವರ್ಷ: ಬಳ್ಳಾರಿ ಕಡೆಯ ಕಾಲೇಜು ಹುಡುಗಿಯರ ಫುಟ್‌ಬಾಲ್

ನನ್ನ ಅಕ್ಕನ ಮಗಳು ಬಳ್ಳಾರಿಯಲ್ಲಿ ಬಿಎ ಎರಡನೇ ವರ್ಷ ಓದುತ್ತಾಳೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಲೆಫ್ಟ್ ಬ್ಯಾಕ್. ದೀಪಾವಳಿಗೆ ಊರಿಗೆ ಬಂದಾಗ ಸುಮ್ನೆ ಕೇಳಿದೆ, "ಈ ವರ್ಷ ಎಷ್ಟು ಮ್ಯಾಚ್ ಆಡಿದಿ?" ಅವಳು ಬೆರಳು ಮಡಚಿದಳು. ಎರಡನೇ ಬೆರಳಿಗೇ ಕೈ ನಿಂತಿತು.

"ಎರಡು, ಮಾಮಾ. ಎರಡನೇದ್ರಾಗ ಸೋತ್ವಿ. ವರ್ಷ ಮುಗೀತು."

ಅದರ ಹಿಂದಿನ ವರ್ಷ ಅವಳು ಯುನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿದ್ದಳು. ಹತ್ತು ದಿನ ಕ್ಯಾಂಪ್, ಹೋಗಲು ಒಂದು ರಾತ್ರಿ ರೈಲು, ಒಂದು ಪಂದ್ಯ, ಏಳು ಗೋಲಿನ ಸೋಲು, ಬರಲು ಇನ್ನೊಂದು ರಾತ್ರಿ ರೈಲು. ಮನೆಯಲ್ಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡ ಫೋಟೋ ಗೋಡೆಗೆ ಬಂತು. ಸರ್ಟಿಫಿಕೇಟ್ ಬೀರುವಿಗೆ ಹೋಯಿತು.

ನಮ್ಮ ಕಡೆ ಹೆಣ್ಣುಮಕ್ಕಳು ಫುಟ್‌ಬಾಲ್‌ನಲ್ಲಿ ಯಾಕೆ ಮುಂದೆ ಬರುವುದಿಲ್ಲ ಅಂತ ಯಾರನ್ನು ಕೇಳಿದರೂ ಎರಡೇ ಉತ್ತರ. ಒಂದು, ಮನೆಯವರು ಕಳಿಸಲ್ಲ. ಇನ್ನೊಂದು, ಗ್ರೌಂಡ್ ಇಲ್ಲ. ಎರಡೂ ಪೂರ್ತಿ ಸುಳ್ಳೇನಲ್ಲ. ಆದರೆ ಮನೆಯವರು ಕಳಿಸಿದ, ಗ್ರೌಂಡೂ ಇರುವ ಹುಡುಗಿ ವರ್ಷಕ್ಕೆ ಎರಡು ಮ್ಯಾಚ್ ಆಡುತ್ತಾಳೆ ಅಂದರೆ ಮೂರನೇ ಕಾರಣ ಒಂದಿರಬೇಕು, ಅಲ್ವಾ? ನನ್ನ ಲೆಕ್ಕದಲ್ಲಿ ಅದು ಟೂರ್ನಿ ನಡೆಸುವ ರೀತಿ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗಲೇ ಯಾಕೆ ಅಂದರೆ, ಭಾರತದ ಮಹಿಳಾ ಫುಟ್‌ಬಾಲ್‌ಗೆ ಇದು ಒಳ್ಳೆ ಕಾಲ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ತಂಡ ಆತಿಥೇಯರನ್ನೇ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅದರಿಂದ ಆಸ್ಟ್ರೇಲಿಯಾದ 2026ರ ಏಷ್ಯನ್ ಕಪ್‌ಗೆ ಅರ್ಹತೆ ಸಿಕ್ಕಿತು. ಅರ್ಹತಾ ಸುತ್ತು ಆಡಿ ಗೆದ್ದು ಭಾರತ ಅಲ್ಲಿಗೆ ಹೋಗಿದ್ದು ಅದೇ ಮೊದಲು. ಅದಕ್ಕೂ ಮೂರು ವರ್ಷ ಮೊದಲು, 2022ರ ಅಕ್ಟೋಬರ್‌ನಲ್ಲಿ, 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆದಿತ್ತು. ಅಲ್ಲಿ ಅಮೆರಿಕ ನಮ್ಮ ಮೇಲೆ ಎಂಟು ಗೋಲು ಹೊಡೆದಿತ್ತು. ಅದು ಬೇರೆ ಮಾತು. ಟಿವಿಯಲ್ಲಿ, ಮೊಬೈಲ್‌ನಲ್ಲಿ ಇದನ್ನೆಲ್ಲ ನೋಡಿದ ಹುಡುಗಿಯರು ಈಗ ಡಿಗ್ರಿ ಕಾಲೇಜಿಗೆ ಬಂದಿದ್ದಾರೆ.

ನಮ್ಮೂರಿಗೆ ಫುಟ್‌ಬಾಲ್ ಹೊಸದೂ ಅಲ್ಲ. ಬಳ್ಳಾರಿ ದಂಡಿನ ಊರು. ಕಂಟೋನ್ಮೆಂಟ್ ಅನ್ನುವ ಹೆಸರು ಇವತ್ತಿಗೂ ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲಿದೆ. ಜಿಲ್ಲೆಯ ಒಳಗೇ, ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯೂ ಕಟ್ಟಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಇದೆ. ಬೆಂಗಳೂರು ಎಫ್‌ಸಿಯ ಹುಡುಗರ ಅಕಾಡೆಮಿ ಅಲ್ಲೇ. ಅಂದರೆ ದೇಶದ ಒಳ್ಳೆಯ ಫುಟ್‌ಬಾಲ್ ಮೈದಾನ ನಮ್ಮ ಹುಡುಗಿಯರ ಬಸ್ಸು ದಿನಾ ಹಾದುಹೋಗುವ ದಾರಿಯಲ್ಲೇ ಇದೆ. ಅವರು ಆಡುವ ಮೈದಾನ ಗರಸಿನದು.

ವರ್ಷ ಹೇಗೆ ಮುಗಿಯುತ್ತದೆ

ಕಾಲೇಜು ಹುಡುಗಿಯ ಫುಟ್‌ಬಾಲ್ ವರ್ಷಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಇಂಟರ್ ಕಾಲೇಜ್. ಒಂದು ಯುನಿವರ್ಸಿಟಿಯ ಕಾಲೇಜುಗಳೆಲ್ಲ ಒಂದು ಕಡೆ ಸೇರಿ ಎರಡು ದಿನದಲ್ಲಿ ಆಡಿ ಮುಗಿಸುತ್ತವೆ. ಅಲ್ಲೇ ಯುನಿವರ್ಸಿಟಿ ತಂಡದ ಆಯ್ಕೆ. ಆಯ್ಕೆಯಾದವರಿಗೆ ನಮ್ಮಲ್ಲಿ 'ಬ್ಲೂ' ಅಂತಾರೆ. "ನಾನು ಫುಟ್‌ಬಾಲ್ ಬ್ಲೂ" ಅಂತ ಹೇಳಿಕೊಳ್ಳುವಾಗ ಆ ಮುಖ ನೋಡಬೇಕು. ಎರಡನೆಯದು ಸೌತ್ ಝೋನ್. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ, ಅಂದರೆ ಎಐಯು, ಇದನ್ನು ನಡೆಸುತ್ತದೆ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ಯುನಿವರ್ಸಿಟಿಗಳು ಅಲ್ಲಿ ಎದುರಾಗುತ್ತವೆ. ಅಲ್ಲಿ ಕೊನೆಯ ನಾಲ್ಕರಲ್ಲಿ ಬಂದರೆ ಮೂರನೇ ಮೆಟ್ಟಿಲು, ಆಲ್ ಇಂಡಿಯಾ. ಅಲ್ಲೂ ಮೇಲಿನ ಸಾಲಿನಲ್ಲಿ ಬಂದ ತಂಡಗಳು ಖೇಲೋ ಇಂಡಿಯಾ ಯುನಿವರ್ಸಿಟಿ ಗೇಮ್ಸ್‌ಗೆ ಹೋಗುತ್ತವೆ. 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಆ ಕ್ರೀಡಾಕೂಟ 2022ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು.

ಕಾಗದದ ಮೇಲೆ ಚಂದ ಕಾಣುತ್ತದೆ. ತೊಂದರೆ ಎಲ್ಲಿದೆ ಅಂದರೆ, ಮೊದಲ ಎರಡೂ ಮೆಟ್ಟಿಲು ಬಹುತೇಕ ನಾಕೌಟ್. ಸೋತರೆ ಮನೆಗೆ.

ನಾಕೌಟ್ ಲೆಕ್ಕ ಒಮ್ಮೆ ಹಾಕಿ ನೋಡಿ. ಎಂಟು ಕಾಲೇಜು ಬಂದವು ಅಂದುಕೊಳ್ಳಿ. ಒಟ್ಟು ಪಂದ್ಯ ಏಳೇ ಏಳು. ನಾಲ್ಕು ಕಾಲೇಜು ಒಂದೇ ಮ್ಯಾಚ್ ಆಡಿ ಬಸ್ ಹತ್ತುತ್ತವೆ. ಇನ್ನೆರಡು ಎರಡು ಮ್ಯಾಚ್. ಗೆದ್ದ ತಂಡ ಕೂಡ ಆಡುವುದು ಮೂರೇ. ಅದೇ ಎಂಟು ಕಾಲೇಜು ಲೀಗ್ ಆಡಿದರೆ, ಅಂದರೆ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಎದುರು ಒಮ್ಮೆ ಆಡಿದರೆ, ಪಂದ್ಯ 28. ಎಲ್ಲರೂ, ಕೊನೆಯ ಸ್ಥಾನದವರು ಕೂಡ, ತಲಾ ಏಳು ಮ್ಯಾಚ್ ಆಡುತ್ತಾರೆ.

ನಾಕೌಟ್ ಯಾಕೆ ಅಂತ ಕೇಳಿದರೆ ಉತ್ತರ ಸರಳ. ದುಡ್ಡು. ಎರಡು ದಿನದಲ್ಲಿ ಮುಗಿದರೆ ಊಟ, ವಸತಿ, ದಿನಭತ್ಯೆ, ರೆಫ್ರಿ ಖರ್ಚು ಎಲ್ಲಾ ಕಡಿಮೆ. ಕ್ಲಾಸ್ ತಪ್ಪುವುದೂ ಕಡಿಮೆ. ನಡೆಸುವವರ ಕಡೆಯಿಂದ ನೋಡಿದರೆ ಸರಿಯಾದ ಯೋಚನೆಯೇ. ಆದರೆ ನಾಕೌಟ್ ಇರುವುದು ಯಾರು ಗೆದ್ದರು ಅಂತ ಬೇಗ ತೀರ್ಮಾನಿಸಲು. ಆಟ ಕಲಿಸಲು ಅದರಿಂದ ಆಗುವುದಿಲ್ಲ. ಯಾವ ತಂಡಕ್ಕೆ ಆಟ ಜಾಸ್ತಿ ಬೇಕೋ, ಅಂದರೆ ದುರ್ಬಲ ತಂಡಕ್ಕೆ, ಅದು ಅತಿ ಕಡಿಮೆ ಆಟ ಕೊಡುತ್ತದೆ.

ಇದರ ಪರಿಣಾಮ ಹಿಂದಕ್ಕೆ ಹರಿಯುತ್ತದೆ. ಮ್ಯಾಚ್ ಇರುವುದು ಎರಡೇ ದಿನ ಅಂದಮೇಲೆ ಪಿಡಿ ಸರ್ (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು) ಅಭ್ಯಾಸ ಶುರು ಮಾಡುವುದೂ ಹತ್ತು ಹನ್ನೆರಡು ದಿನ ಮೊದಲು. ಅವರನ್ನು ದೂರಿ ಪ್ರಯೋಜನವಿಲ್ಲ. ಒಬ್ಬರೇ ಮನುಷ್ಯ ಕಬಡ್ಡಿ, ಖೋಖೋ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲಾ ನೋಡಬೇಕು. ಹಾಗಾಗಿ ತಂಡ ಕಟ್ಟುವ ರೀತಿಯೇ ಬೇರೆ. ಚೆನ್ನಾಗಿ ಓಡುವ ಅಥ್ಲೆಟಿಕ್ಸ್ ಹುಡುಗಿ ವಿಂಗ್‌ಗೆ. ಧೈರ್ಯವಾಗಿ ನುಗ್ಗುವ ಕಬಡ್ಡಿ ಹುಡುಗಿ ಡಿಫೆನ್ಸ್‌ಗೆ. ಥ್ರೋಬಾಲ್ ಆಡುವ ಎತ್ತರದ ಹುಡುಗಿ ಗೋಲ್ ಕೀಪರ್. ಹನ್ನೊಂದರಲ್ಲಿ ನಿಜವಾಗಿ ಫುಟ್‌ಬಾಲ್ ಆಡಿ ಬೆಳೆದವರು ಮೂರೋ ನಾಲ್ಕೋ. ಆಫ್‌ಸೈಡ್ ಅಂದರೇನು ಅಂತ ಮ್ಯಾಚಿನ ದಿನ ಬೆಳಿಗ್ಗೆ ಸುಣ್ಣದ ಗೆರೆಯ ಪಕ್ಕ ನಿಲ್ಲಿಸಿ ಹೇಳಿಕೊಟ್ಟಿದ್ದನ್ನು ನಾನೇ ನೋಡಿದ್ದೇನೆ.

ಇಂಥ ತಂಡದಿಂದ ಆಯ್ದ 'ಬ್ಲೂ'ಗಳು ಸೌತ್ ಝೋನ್‌ನಲ್ಲಿ ತಮಿಳುನಾಡಿನ ತಂಡದ ಎದುರು ನಿಂತರೆ ಏಳು ಗೋಲು ಬೀಳದೆ ಇನ್ನೇನು? ಅಲ್ಲಿಯ ಹುಡುಗಿಯರು ಸ್ಕೂಲಿನಿಂದಲೇ ಬೂಟು ಕಟ್ಟಿದವರು. ಮಧುರೈ ಮೂಲದ ಸೇತು ಎಫ್‌ಸಿ 2019ರಲ್ಲೇ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಿದೆ. ಕಡಲೂರಿನಿಂದ ಬಂದ ಇಂದುಮತಿ ಕದಿರೇಶನ್ ಭಾರತ ತಂಡದಲ್ಲೂ ಆಡಿದರು, ತಮಿಳುನಾಡು ಪೊಲೀಸ್‌ನಲ್ಲಿ ಸಬ್ ಇನ್‌ಸ್ಪೆಕ್ಟರ್ ಕೂಡ ಆದರು. ಅವರದೇನು ಶ್ರೀಮಂತ ಊರುಗಳಲ್ಲ. ನಮ್ಮ ಹಾಗೇ ಬಿಸಿಲು ಅಲ್ಲೂ ಇದೆ.

ಹಂಚಿಹೋದ ತಂಡಗಳು

ಇನ್ನೊಂದು ಬದಲಾವಣೆ ನಮ್ಮ ಕಡೆ ಸದ್ದಿಲ್ಲದೆ ಆಗಿದೆ. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದಾಗ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಎಲ್ಲಾ ಒಂದೇ ಬುಟ್ಟಿಯಲ್ಲಿದ್ದವು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. 2023ರಲ್ಲಿ ಕೊಪ್ಪಳಕ್ಕೆ ತನ್ನದೇ ಯುನಿವರ್ಸಿಟಿ ಬಂತು. ರಾಯಚೂರಿಗೆ ಅದಕ್ಕೂ ಮೊದಲೇ, ಗುಲಬರ್ಗಾದಿಂದ ಬಿಡಿಸಿಕೊಂಡ ಯುನಿವರ್ಸಿಟಿ ಇದೆ. ಓದಿಗೆ ಇದು ಅನುಕೂಲವೇ. ಅಂಕಪಟ್ಟಿಯ ತಪ್ಪು ತಿದ್ದಿಸಲು ಊರೂರು ಅಲೆಯುವುದು ತಪ್ಪಿತು.

ಫುಟ್‌ಬಾಲ್‌ಗೆ ಆಗಿದ್ದು ಬೇರೆ. ಕೊಪ್ಪಳ ಜಿಲ್ಲೆಯ ಗಂಗಾವತಿಯ ಸ್ಟ್ರೈಕರ್, ಬಳ್ಳಾರಿಯ ಮಿಡ್‌ಫೀಲ್ಡರ್ ಒಂದೇ ತಂಡದಲ್ಲಿ ಆಡುವ ದಾರಿ ಮುಚ್ಚಿತು. ಇದ್ದ ನಾಲ್ಕಾರು ಒಳ್ಳೆ ಆಟಗಾರ್ತಿಯರು ಎರಡು ತಂಡಕ್ಕೆ ಹಂಚಿಹೋದರು. 'ಬ್ಲೂ' ಆಗುವವರ ಸಂಖ್ಯೆ ಹೆಚ್ಚಿತು, ತಂಡದ ಗಟ್ಟಿತನ ಕಡಿಮೆಯಾಯಿತು. ಅಷ್ಟರಲ್ಲೇ ಹೊಸ ಯುನಿವರ್ಸಿಟಿಗಳಿಗೆ ದುಡ್ಡಿಲ್ಲ, ಹಳೆಯವಕ್ಕೇ ಸೇರಿಸೋಣ ಅನ್ನುವ ಚರ್ಚೆ 2025ರ ಆರಂಭದಲ್ಲಿ ಸರ್ಕಾರದ ಮಟ್ಟದಲ್ಲೇ ಎದ್ದಿತ್ತು. ಕಟ್ಟಡಕ್ಕೇ ಹಣ ಸಾಲದ ಕಡೆ ಹುಡುಗಿಯರ ಫುಟ್‌ಬಾಲ್‌ಗೆ ಎಷ್ಟು ಬಂದೀತು, ನೀವೇ ಊಹಿಸಿ.

ಸರ್ಟಿಫಿಕೇಟ್ ಅನ್ನುವ ನಾಣ್ಯ

ಎರಡೇ ಮ್ಯಾಚ್ ಇದ್ದರೂ ಹುಡುಗಿಯರು ಯಾಕೆ ಬರುತ್ತಾರೆ? ಆಟದ ಖುಷಿ ಇದ್ದೇ ಇದೆ. ಆದರೆ ಮನೆಯಲ್ಲಿ ಒಪ್ಪಿಸುವ ಮಾತು ಅದಲ್ಲ. ಅಲ್ಲಿ ನಡೆಯುವ ಮಾತು ಸರ್ಟಿಫಿಕೇಟ್.

ನಮ್ಮ ಅಕ್ಕನೂ ಮೊದಲು ಬೇಡವೆಂದಳು. "ಬಿಸಲಾಗ ಮೈ ಕರ್ರಗ ಮಾಡ್ಕೊಂಡು ಏನ್ ತರ್ತಿ?" ಅಂತ ಅವಳ ಪ್ರಶ್ನೆ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಮೀಸಲಾತಿ ಇದೆ, ರೈಲ್ವೆಯಲ್ಲಿ ಸ್ಪೋರ್ಟ್ಸ್ ಕೋಟಾ ಇದೆ ಅಂತ ಯಾರೋ ಹೇಳಿದ ಮೇಲೆ ಸುಮ್ಮನಾದಳು. ನಮ್ಮ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇರುವುದೇ ಹುಬ್ಬಳ್ಳಿಯಲ್ಲಿ. ಅದೇನು ಕಾಣದ ಊರಲ್ಲ. ಬಿಪಿಎಡ್ ಮಾಡಿದರೆ ದೈಹಿಕ ಶಿಕ್ಷಕಿ ಆಗಬಹುದು. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಬೇರೆ ಇದೆ. ಇವೆಲ್ಲ ಸೇರಿದರೆ ಹಳ್ಳಿಯ ಹುಡುಗಿಗೆ ಆಟ ಒಂದು ದಾರಿಯಾಗಿ ಕಾಣುತ್ತದೆ. ಇದನ್ನು 'ಸರ್ಟಿಫಿಕೇಟಿಗಾಗಿ ಆಡುತ್ತಾರೆ' ಅಂತ ಹೀಯಾಳಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕೆಲಸ ಬೇಕು ಅಂತ ಆಡುವುದರಲ್ಲಿ ತಪ್ಪೇನಿದೆ?

ತಪ್ಪು ಇರುವುದು ಸರ್ಟಿಫಿಕೇಟ್ ಅಳೆಯುವ ರೀತಿಯಲ್ಲಿ. ನೀನು ಯಾವ ಹಂತ ಮುಟ್ಟಿದೆ ಅನ್ನುವುದಷ್ಟೇ ಅಲ್ಲಿ ಲೆಕ್ಕ. ವರ್ಷಕ್ಕೆ ಎಷ್ಟು ಆಡಿದೆ, ಎಷ್ಟು ಕಲಿತೆ ಅನ್ನುವುದಕ್ಕೆ ಜಾಗವೇ ಇಲ್ಲ. ಬೆಂಚಿನ ಮೇಲೆ ಕೂತು ಬಂದ ಹುಡುಗಿಗೂ ಮೈದಾನದಲ್ಲಿ ಬೆವರಿಳಿಸಿದ ಹುಡುಗಿಗೂ ಒಂದೇ ಕಾಗದ. ಹೀಗಿರುವಾಗ ಕಾಲೇಜಿಗೂ ಜಾಸ್ತಿ ಆಡಿಸಬೇಕು ಅನ್ನುವ ಒತ್ತಡ ಬರುವುದಿಲ್ಲ, ಹುಡುಗಿಗೂ ಬರುವುದಿಲ್ಲ.

ಮುಂದೆ ಕ್ಲಬ್ ಸೇರಿ ಬೆಳೆಯಬಹುದಲ್ಲ ಅಂತ ನೀವು ಕೇಳಬಹುದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ತಂಡ 2023ರ ಮೇ ತಿಂಗಳಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ತನಕ ಹೋಗಿತ್ತು, ಗೋಕುಲಂ ಕೇರಳ ವಿರುದ್ಧ ಸೋತಿತು. ರಾಜ್ಯದ ಮಹಿಳಾ ಲೀಗ್ ಕೂಡ ನಡೆಯುತ್ತದೆ. ಆದರೆ ನಡೆಯುವುದು ಬೆಂಗಳೂರಿನಲ್ಲಿ. ಬಳ್ಳಾರಿಯಿಂದ ಸುಮಾರು ಮುನ್ನೂರು ಕಿಲೋಮೀಟರ್. ಡಿಗ್ರಿ ಓದುತ್ತಾ, ಹಾಸ್ಟೆಲ್‌ನಲ್ಲಿ ಇದ್ದುಕೊಂಡು, ಭಾನುವಾರದ ಲೀಗ್ ಆಡಲು ಅಲ್ಲಿಗೆ ಹೋಗಿಬರಲು ಆಗುತ್ತದಾ?

ದಿನದ ಲೆಕ್ಕ

ಈಗ ಹುಡುಗಿಯ ದಿನ ನೋಡೋಣ. ನಮ್ಮವಳು ಹಿಂದುಳಿದ ವರ್ಗಗಳ ಹಾಸ್ಟೆಲ್‌ನಲ್ಲಿ ಇದ್ದಾಳೆ. ನಾವೆಲ್ಲ ಬಿಸಿಎಂ ಹಾಸ್ಟೆಲ್ ಅಂತೀವಿ. ಬೆಳಿಗ್ಗೆ ಐದೂವರೆಗೆ ಗೇಟ್ ತೆಗೆಸಿಕೊಂಡು ಗ್ರೌಂಡಿಗೆ ಹೋಗುವುದು ಒಂದು ಸಾಹಸ. ಏಳೂವರೆಗೆ ವಾಪಸ್, ಬಟ್ಟೆ, ಸ್ನಾನಕ್ಕೆ ಸಾಲು, ತಿಂಡಿ. ಹತ್ತಕ್ಕೆ ಕ್ಲಾಸು. ಸಂಜೆ ಕ್ಲಾಸ್ ಬಿಡುವುದು ನಾಲ್ಕೂವರೆ. ಹಾಸ್ಟೆಲ್ ಹಾಜರಿ ಆರೂವರೆಗೆ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ನಡುವೆ ಉಳಿಯುವುದು ಒಂದೂವರೆ ಗಂಟೆ. ಅದರಲ್ಲಿ ಹೋಗಿ, ಬೂಟು ಕಟ್ಟಿ, ಆಡಿ, ಬರಬೇಕು.

ಒಮ್ಮೆ ಅಭ್ಯಾಸ ಮುಗಿಸಿ ಬರುವುದು ಇಪ್ಪತ್ತು ನಿಮಿಷ ತಡವಾಯಿತು. ಅವಳನ್ನು ಹೊರಗೆ ನಿಲ್ಲಿಸಿ ಮನೆಗೆ ಫೋನ್ ಮಾಡಿದರು. ಫೋನ್ ತೆಗೆದುಕೊಂಡ ಅಕ್ಕ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಆಮೇಲೆ ಒಂದು ವಾರ ಆಟ ಬಂದ್. ನಿಯಮ ಇರುವುದು ಹುಡುಗಿಯರ ಕಾಳಜಿಗೇ ಅಂತ ನನಗೂ ಗೊತ್ತು. ಪಿಡಿ ಸರ್ ಸಹಿ ಮಾಡಿದ ಒಂದು ಚೀಟಿಗೆ ಬೆಲೆ ಇದ್ದಿದ್ದರೆ ಆ ವಾರ ಉಳಿಯುತ್ತಿತ್ತು ಅನ್ನುವುದೂ ಗೊತ್ತು.

ಹಳ್ಳಿಯಿಂದ ದಿನಾ ಓಡಾಡುವವರ ಕಥೆ ಬೇರೆ. ಕುರುಗೋಡು, ಸಿರುಗುಪ್ಪ ಕಡೆಯ ಹುಡುಗಿಗೆ ಕೊನೆಯ ಒಳ್ಳೆ ಬಸ್ಸು ಎಷ್ಟು ಹೊತ್ತಿಗೋ ಅಷ್ಟೇ ಅವಳ ಫುಟ್‌ಬಾಲ್. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡಿನ ಚಿಂತೆ ಹೋಗಿದೆ. ಅದು ಸಣ್ಣ ವಿಷಯವಲ್ಲ. ಮೊದಲು ಪಾಸ್ ಇದ್ದರೂ ಅದು ಊರಿಂದ ಕಾಲೇಜಿನ ದಾರಿಗೆ ಮಾತ್ರ. ಈಗ ಆಧಾರ್ ಕಾರ್ಡ್ ಇದ್ದರೆ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಎಲ್ಲಿಗೆ ಬೇಕಾದರೂ ಹೋಗಬಹುದು. ಈ ಮಾತು ನೆನಪಿರಲಿ, ಮುಂದೆ ಇದೇ ಬೇಕಾಗುತ್ತದೆ.

ಹಾಜರಿಯದು ಇನ್ನೊಂದು ಗೋಳು. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಯುನಿವರ್ಸಿಟಿ ಪರವಾಗಿ ಹೊರಗೆ ಹೋದ ದಿನಗಳಿಗೆ ಹಾಜರಿ ಕೊಡುತ್ತಾರೆ. ಇಂಟರ್ನಲ್ಸ್ ಮಾತ್ರ ಮೇಷ್ಟ್ರ ಮರ್ಜಿ. ಸೌತ್ ಝೋನ್ ಬರುವುದೂ, ಸೆಮಿಸ್ಟರ್ ಪರೀಕ್ಷೆ ಬರುವುದೂ ಬಹುತೇಕ ಒಂದೇ ಹೊತ್ತಿಗೆ. ರೈಲಿನ ಅಪ್ಪರ್ ಬರ್ತ್‌ನಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಟ್ಸ್ ಓದಿದ್ದನ್ನು ನಮ್ಮವಳು ಹೆಮ್ಮೆಯಿಂದಲೇ ಹೇಳುತ್ತಾಳೆ. ವಿಜ್ಞಾನ ಓದುವ ಹುಡುಗಿಯರು ತಂಡದಲ್ಲಿ ಕಡಿಮೆ ಯಾಕೆ ಅಂತ ನೋಡಿದರೆ ಕಾರಣ ಪ್ರಾಕ್ಟಿಕಲ್. ಲ್ಯಾಬ್ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ರಕ್ತ ಮತ್ತು ಮೊಣಕಾಲು

ಮೈಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಇಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ, ಖರ್ಚು ಕಡಿಮೆ.

ದೊಡ್ಡ ಮಟ್ಟದ ಪಂದ್ಯದಲ್ಲಿ ಒಬ್ಬ ಆಟಗಾರ್ತಿ 90 ನಿಮಿಷದಲ್ಲಿ ಸುಮಾರು ಹತ್ತು ಕಿಲೋಮೀಟರ್ ಓಡುತ್ತಾಳೆ. ಅಷ್ಟು ಓಡಲು ರಕ್ತ ಆಮ್ಲಜನಕ ಹೊರಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಅಂದರೆ ನಿಮ್ಮ ಕಾಲೇಜು ತಂಡದ ಹನ್ನೊಂದರಲ್ಲಿ ನಾಲ್ಕೈದು ಹುಡುಗಿಯರು ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ಓಡುತ್ತಿರಬಹುದು. ದ್ವಿತೀಯಾರ್ಧದಲ್ಲಿ ನಿಂತುಬಿಡುವ ಹುಡುಗಿಗೆ "ಸೋಮಾರಿ" ಅಂತ ಬೈಯುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ.

ಊಟ ನಮ್ಮಲ್ಲಿ ಕೆಟ್ಟದ್ದೇನಲ್ಲ. ಸಜ್ಜೆ ರೊಟ್ಟಿ, ಹೆಸರುಕಾಳು, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ, ಮೊಟ್ಟೆ. ಆಟಗಾರ್ತಿಗೆ ಬೇಕಾದ್ದು ಇದರಲ್ಲೇ ಇದೆ. ಹಾಸ್ಟೆಲ್‌ನಲ್ಲಿ ಇರುವುದು ಅನ್ನ, ನೀರು ಸಾರು. ಹೊರಗೆ ಸಿಗುವುದು ಒಗ್ಗಾಣಿ, ಮಿರ್ಚಿ. (ಒಗ್ಗಾಣಿ ಮಿರ್ಚಿಯ ಬಗ್ಗೆ ಕೆಟ್ಟದಾಗಿ ಬರೆದರೆ ಬಳ್ಳಾರಿಯಲ್ಲಿ ಓಡಾಡುವುದು ಕಷ್ಟ. ಅಭ್ಯಾಸದ ಮುಂಚೆ ಮಾತ್ರ ಬೇಡ ಅನ್ನುತ್ತೇನೆ, ಅಷ್ಟೇ.) ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿದರೆ ಒಳ್ಳೆಯದು. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಇನ್ನು ಮೊಣಕಾಲು. ಫುಟ್‌ಬಾಲ್‌ನಲ್ಲಿ ಓಡುತ್ತಾ ಥಟ್ಟನೆ ತಿರುಗುವಾಗ ಮೊಣಕಾಲಿನ ಒಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುತ್ತದೆ. ಇದು ಹುಡುಗರಿಗಿಂತ ಹುಡುಗಿಯರಲ್ಲಿ ಕನಿಷ್ಠ ಎರಡು ಪಟ್ಟು ಜಾಸ್ತಿ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಹರಿದರೆ ಆಪರೇಷನ್, ಆಮೇಲೆ ಒಂಬತ್ತು ತಿಂಗಳು, ವರ್ಷ. ಮೂರು ವರ್ಷದ ಡಿಗ್ರಿಯಲ್ಲಿ ಒಂದು ವರ್ಷ ಹೋದರೆ ಆಟವೇ ಹೋದಂತೆ. ಇದನ್ನು ತಡೆಯಲು ಫಿಫಾ ತಯಾರಿಸಿದ '11+' ಅನ್ನುವ ವಾರ್ಮ್ ಅಪ್ ಇದೆ. ಇಪ್ಪತ್ತು ನಿಮಿಷ ಸಾಕು. ಯಂತ್ರ ಬೇಡ, ಜಿಮ್ ಬೇಡ. ಓಟ, ಪ್ಲ್ಯಾಂಕ್, ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿದು ಸರಿಯಾಗಿ ಇಳಿಯುವುದು, ಇಷ್ಟೇ. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿದ್ದು ಕಂಡಿದೆ. 'ತಪ್ಪದೆ' ಅನ್ನುವ ಮಾತೇ ಮುಖ್ಯ. ವರ್ಷಕ್ಕೆ ಹತ್ತು ದಿನ ಆಡುವ ತಂಡಕ್ಕೆ ಅದು ಹತ್ತುವುದಿಲ್ಲ. ಮೈ ತಯಾರಿಲ್ಲದ ಹುಡುಗಿಯರನ್ನು ಹತ್ತೇ ದಿನದಲ್ಲಿ ಗರಸಿನ ಮೇಲೆ ಓಡಿಸುವುದರಿಂದಲೇ ಕಾಲು ಹೋಗುತ್ತವೆ ಅಂತ ನನ್ನ ಅನುಮಾನ. ಗಟ್ಟಿ ನೆಲಕ್ಕೆ ಉದ್ದ ಮೊಳೆಯ ಸ್ಟಡ್ಸ್ ಕೂಡ ಬೇಡ. ಗಿಡ್ಡ ರಬ್ಬರ್ ಮೊಳೆಯದೇ ವಾಸಿ.

ಮುಟ್ಟಿನ ದಿನಗಳ ಬಗ್ಗೆ ಪಿಡಿ ಸರ್ ಹತ್ತಿರ ಹೇಳಲು ಹುಡುಗಿಯರಿಗೆ ನಾಚಿಕೆ, ಕೇಳಲು ಅವರಿಗೆ ನಾಚಿಕೆ. ಮೈದಾನದಲ್ಲಿ ಶೌಚಾಲಯ ಇದ್ದರೂ ಬೀಗ. ಇಂಗ್ಲೆಂಡಿನ ಮಹಿಳಾ ತಂಡ 2023ರಲ್ಲಿ ಬಿಳಿ ಶಾರ್ಟ್ಸ್ ಬಿಟ್ಟು ನೀಲಿ ಹಾಕಿಕೊಂಡಿತು, ಇದೇ ಕಾರಣಕ್ಕೆ. ನಮ್ಮ ಕಾಲೇಜುಗಳು ಕಿಟ್ ಹೊಲಿಸುವಾಗ ಕಪ್ಪು ಶಾರ್ಟ್ಸ್ ಅಂತ ಬರೆದರೆ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ ಆಡಲು ಫಿಫಾ 2014ರಲ್ಲೇ ಒಪ್ಪಿದೆ. ಲೆಗ್ಗಿಂಗ್ಸ್ ಹಾಕಿ ಆಡಿದರೂ ಯಾರ ಗಂಟೂ ಹೋಗುವುದಿಲ್ಲ. ತಂಡದ ಜೊತೆ ಹೊರಗೂರಿಗೆ ಹೋಗುವಾಗ ಒಬ್ಬ ಮೇಡಂ ಇರಲೇಬೇಕು. ಈ ವಿಷಯದಲ್ಲಿ ಮಾತ್ರ ನಾನು ಹಠಮಾರಿ. 2022ರಲ್ಲಿ ಭಾರತದ 17 ವರ್ಷದೊಳಗಿನ ಹುಡುಗಿಯರ ತಂಡದ ಸಹಾಯಕ ಕೋಚ್ ಒಬ್ಬರನ್ನೇ ದುರ್ವರ್ತನೆಯ ಆರೋಪದ ಮೇಲೆ ತೆಗೆದುಹಾಕಬೇಕಾಯಿತು.

ಅಮೆರಿಕ ದೂರ, ಅನಂತಪುರ ಹತ್ತಿರ

ಕಾಲೇಜು ಫುಟ್‌ಬಾಲ್ ಅಂದಕೂಡಲೇ ಜನ ಅಮೆರಿಕದ ಹೆಸರು ತೆಗೆಯುತ್ತಾರೆ. ಅಲ್ಲಿ ಅದಕ್ಕೆ ಸಾಕರ್ ಅಂತಾರೆ. 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡುವ ಹಾಗಿಲ್ಲ, ಆಟದಲ್ಲೂ. 1982ರಲ್ಲಿ ಅವರ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮೊದಲ ಸಲ ಮಹಿಳಾ ಸಾಕರ್ ಚಾಂಪಿಯನ್‌ಷಿಪ್ ನಡೆಸಿತು. ನಾರ್ತ್ ಕೆರೊಲಿನಾ ಯುನಿವರ್ಸಿಟಿ ಗೆದ್ದಿತು. ಅಮೆರಿಕ ತಂಡದ ದೊಡ್ಡ ಹೆಸರುಗಳಾದ ಮೇಗನ್ ರಾಪಿನೊ, ಅಲೆಕ್ಸ್ ಮಾರ್ಗನ್ ಎಲ್ಲಾ ಕಾಲೇಜು ತಂಡದಲ್ಲಿ ಆಡಿ ಬೆಳೆದವರೇ. ಆಗಸ್ಟ್‌ನಿಂದ ಶುರುವಾಗುವ ಸೀಸನ್‌ನಲ್ಲಿ ಒಂದು ತಂಡ ಹದಿನೆಂಟು ಇಪ್ಪತ್ತು ಮ್ಯಾಚ್ ಆಡುತ್ತದೆ. ಓದು ಕೆಡಬಾರದು ಅಂತ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸಬಾರದು, ವಾರದಲ್ಲಿ ಒಂದು ದಿನ ಬಿಡಬೇಕು ಅಂತ ನಿಯಮ. ನಮ್ಮವಳಿಗೆ ಇದನ್ನು ಹೇಳಿದಾಗ ನಗು ತಡೆಯಲಾಗಲಿಲ್ಲ. "ನಮಗ ತಿಂಗಳಿಗೂ ಇಪ್ಪತ್ತು ಗಂಟೆ ಸಿಗಂಗಿಲ್ಲ, ಮಾಮಾ."

ಅಮೆರಿಕದ ದುಡ್ಡು ನಮ್ಮಲ್ಲಿಲ್ಲ. ಅಲ್ಲಿಂದ ಕಲಿಯಬೇಕಾದ್ದು ಒಂದೇ: ಅಲ್ಲಿ ಟೂರ್ನಿಗಿಂತ ಮೊದಲು ಸೀಸನ್ ಇದೆ.

ಸೀಸನ್ ನೋಡಲು ಅಷ್ಟು ದೂರ ಹೋಗುವುದೂ ಬೇಡ. ಬಳ್ಳಾರಿಯಿಂದ ಗಡಿ ದಾಟಿದರೆ ಆಂಧ್ರದ ಅನಂತಪುರ. ಅದೇ ಬರ, ಅದೇ ಶೇಂಗಾ ಹೊಲ. ಸ್ಪೇನಿನಿಂದ ಬಂದ ವಿಸೆಂಟೆ ಫೆರರ್ ಕಟ್ಟಿದ ಆರ್‌ಡಿಟಿ ಅನ್ನುವ ಗ್ರಾಮಾಭಿವೃದ್ಧಿ ಸಂಸ್ಥೆ ಅಲ್ಲಿ ಸ್ಪೋರ್ಟ್ಸ್ ವಿಲೇಜ್ ಮಾಡಿದೆ. ಸ್ಪೇನಿನ ದೊಡ್ಡ ಫುಟ್‌ಬಾಲ್ ಲೀಗ್ ಲಾ ಲಿಗಾದ ನೆರವಿನಿಂದ ಹಳ್ಳಿಯ ಹುಡುಗ ಹುಡುಗಿಯರಿಗೆ ಫುಟ್‌ಬಾಲ್ ಲೀಗ್ ನಡೆಸಿದೆ. ಬಂಜರು ನೆಲದಲ್ಲಿ ಲೀಗ್ ಆಗುವುದಿಲ್ಲ ಅನ್ನುವ ಮಾತಿಗೆ ಇಷ್ಟು ಉತ್ತರ ಸಾಕು.

ಭಾನುವಾರದ ಲೀಗ್

ಹಾಗಾದರೆ ಏನು ಮಾಡಬಹುದು? ಇಂಟರ್ ಕಾಲೇಜ್ ನಾಕೌಟ್ ಹಾಗೇ ಇರಲಿ. ಅದರ ಮುಂಚೆ ಒಂದು ಸಣ್ಣ ಲೀಗ್ ಬೇಕು.

ಆರು ಕಾಲೇಜು ತೆಗೆದುಕೊಳ್ಳಿ. ಬಳ್ಳಾರಿಯಲ್ಲಿ ಎರಡು, ಹೊಸಪೇಟೆ, ಸಿರುಗುಪ್ಪ, ಕೊಪ್ಪಳ, ಗಂಗಾವತಿಯಲ್ಲಿ ಒಂದೊಂದು. ಆರು ತಂಡದ ಲೀಗ್‌ಗೆ ಪಂದ್ಯ 15. ಭಾನುವಾರಕ್ಕೆ ಮೂರರಂತೆ ಐದು ಭಾನುವಾರ. ಪ್ರತಿ ಭಾನುವಾರ ಎಲ್ಲಾ ತಂಡ ಒಂದೇ ಊರಿನಲ್ಲಿ ಸೇರುವುದು, ತಲಾ ಒಂದು ಮ್ಯಾಚ್, ಅರವತ್ತು ನಿಮಿಷದ್ದು. ಮುಂದಿನ ಭಾನುವಾರ ಬೇರೆ ಊರು. ಐದು ವಾರದಲ್ಲಿ ಪ್ರತಿ ಹುಡುಗಿಗೂ ಐದು ಮ್ಯಾಚ್. ನಮ್ಮವಳ ಎರಡೂವರೆ ವರ್ಷದ ಆಟ. ಹನ್ನೊಂದು ಜನ ಹೊಂದದ ಕಾಲೇಜು ಇದ್ದರೆ ಮೊದಲ ವರ್ಷ ಏಳು ಜನರ ಆಟವೇ ಆಡಲಿ.

ಇಲ್ಲಿ ಶಕ್ತಿ ಯೋಜನೆ ಕೆಲಸಕ್ಕೆ ಬರುತ್ತದೆ. ತಂಡ ಅಂದರೆ ಮೊದಲು ಯೋಚನೆ ಟೆಂಪೋ ಬಾಡಿಗೆಯದು. ಅಲ್ಲೇ ಅರ್ಧ ಪ್ಲ್ಯಾನ್ ಸಾಯುತ್ತಿತ್ತು. ಈಗ ಹದಿನಾಲ್ಕು ಹುಡುಗಿಯರು ಬಳ್ಳಾರಿಯಿಂದ ಕೊಪ್ಪಳಕ್ಕೆ ಕೆಕೆಆರ್‌ಟಿಸಿ ಬಸ್ಸಿನಲ್ಲಿ ಹೋಗಿ ಬರಲು ಟಿಕೆಟ್ ದುಡ್ಡು ಬೇಕಿಲ್ಲ. ಪಿಡಿ ಸರ್ ಒಬ್ಬರದೇ ಟಿಕೆಟ್. ಹುಡುಗರ ತಂಡಕ್ಕಿಲ್ಲದ ಅನುಕೂಲ ಹುಡುಗಿಯರ ತಂಡಕ್ಕೆ ಇರುವುದು ಬಹುಶಃ ಇದೊಂದೇ. ಅದನ್ನು ಯಾರೂ ಬಳಸಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಉಳಿದ ಖರ್ಚು? ಮೂರು ಚೆಂಡು, ಸುಣ್ಣ, ಐಸು, ಬ್ಯಾಂಡೇಜು, ಉಪ್ಪಿಟ್ಟು, ಬಾಳೆಹಣ್ಣು, ಮೊಟ್ಟೆ. ಪ್ರವೇಶದ ಹೊತ್ತಿಗೆ ಪ್ರತಿ ವಿದ್ಯಾರ್ಥಿಯಿಂದ ಸ್ಪೋರ್ಟ್ಸ್ ಫೀ ಅಂತ ತೆಗೆದುಕೊಳ್ಳುತ್ತಾರಲ್ಲ, ಅದರಲ್ಲೇ ಆಗಬೇಕು.

ತೊಡಕುಗಳು ಇವೆ. ಏಳಕ್ಕೆ ಮ್ಯಾಚ್ ಶುರು ಅಂತ ನಾನು ಮೊದಲು ಬರೆದಿದ್ದೆ. ಕೊಪ್ಪಳದ ಹುಡುಗಿಯರು ಏಳಕ್ಕೆ ಬಳ್ಳಾರಿ ಗ್ರೌಂಡಿನಲ್ಲಿ ಇರಬೇಕಾದರೆ ರಾತ್ರಿಯೇ ಹೊರಡಬೇಕು ಅಂತ ಆಮೇಲೆ ಹೊಳೆಯಿತು. ಹಾಗಾಗಿ ಒಂಬತ್ತು. ಒಂಬತ್ತಕ್ಕೆ ಆಡಬೇಕಾದರೆ ಮಾರ್ಚ್‌ನಿಂದ ಮೇ ತನಕ ಆಗದು, 40 ಡಿಗ್ರಿ ದಾಟುವ ಊರುಗಳಿವು. ಜುಲೈ, ಆಗಸ್ಟ್ ಸರಿ. ನಮ್ಮಲ್ಲಿ ಮಳೆ ಮೊದಲೇ ಕಮ್ಮಿ, ಮೈದಾನ ಕೆಸರಾಗುವ ಭಯವಿಲ್ಲ. ರಾಯಚೂರನ್ನು ಸೇರಿಸಿಲ್ಲ ಯಾಕೆ ಅಂದರೆ ದೂರ. ಅವರು ಸಿಂಧನೂರು, ಮಾನ್ವಿ, ಲಿಂಗಸುಗೂರು ಹಿಡಿದು ತಮ್ಮದೇ ಲೀಗ್ ಮಾಡಬಹುದು. ಕೊನೆಗೆ ಎರಡು ಲೀಗಿನ ಗೆದ್ದವರು ಎದುರಾಗಲಿ. ಲೀಗ್‌ನಲ್ಲಿ ಯುನಿವರ್ಸಿಟಿ ಗಡಿ ಬೇಡ. ಆಗ ಗಂಗಾವತಿಯವಳೂ ಬಳ್ಳಾರಿಯವಳೂ ಒಂದೇ ತಂಡದಲ್ಲಿ ಅಲ್ಲದಿದ್ದರೂ ಒಂದೇ ಮೈದಾನದಲ್ಲಿ ಸಿಗುತ್ತಾರೆ.

ರೆಫ್ರಿ ಸಿಗುವುದು ಕಷ್ಟ. ಆಟ ಬಿಟ್ಟ ಹಳೆಯ 'ಬ್ಲೂ' ಹುಡುಗಿಯರಿಗೇ ತರಬೇತಿ ಕೊಟ್ಟು ಸೀಟಿ ಕೊಡಬಹುದು. ಡಿಗ್ರಿ ಮುಗಿದ ಮೇಲೆ ಮೈದಾನಕ್ಕೆ ಬರಲು ಅವರಿಗೂ ಒಂದು ನೆಪ ಸಿಗುತ್ತದೆ. ದೊಡ್ಡ ತೊಡಕು ಅಂದರೆ ಆರು ಕಾಲೇಜಿನ ಪ್ರಿನ್ಸಿಪಾಲರು ಒಂದೇ ಕಾಗದಕ್ಕೆ ಸಹಿ ಹಾಕುವುದು. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಮೊನ್ನೆ ನಮ್ಮವಳ ಬಲಗಾಲಿನ ಸ್ಟಡ್ಸ್ ನೋಡಿದೆ. ಅಟ್ಟೆ ಬಾಯಿ ಬಿಟ್ಟಿತ್ತು. ಎರಡು ಸಲ ಅಂಟು ಹಾಕಿದ ಗುರುತು ಇತ್ತು. "ನಡಿ, ಬಜಾರಿಗೆ ಹೋಗಿ ಹೊಸಾದು ತರೋಣ, ಸಾವಿರ ರೂಪಾಯಿ ಆಸುಪಾಸು ಇರ್ತದ" ಅಂದೆ. ಅವಳು ಅದನ್ನು ತಿರುಗಿಸಿ ನೋಡಿ ಮತ್ತೆ ಚೀಲಕ್ಕೆ ಹಾಕಿದಳು.

"ಬ್ಯಾಡ ಬಿಡು ಮಾಮಾ. ಎರಡು ಮ್ಯಾಚಿಗೆ ಹೊಸಾದ್ಯಾಕ?"